ಮೂರು ಗಂಟೆಯ ನಗುವಿಗೆ ಎಷ್ಟು ಕೊಡಬಹುದು?

ಮಾವ: ಹಣ ನಿನ್ನ ಕೈಗೆ ಕೊಟ್ಟಾಯ್ತು, ಇನ್ನು ಅದು ನಿನ್ನದು. ಆದ್ರೂ ನೀನಾಗಿ ಕೇಳಿದ್ದಕ್ಕೆ ಹೇಳ್ತೇನೆ. ಎರಡು ಮೂರು ಗಂಟೆಯಲ್ಲಿ ಮುಗಿದು ಹೋಗುವ ವಿಡಿಯೊ ಗೇಮಿಗೆ ಅಷ್ಟು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅದೂ ನಗಿಸುವ ಗೇಮ್ ಅಂತೀಯ. ಒಮ್ಮೆ ನಕ್ಕ ಜೋಕಿಗೆ ಇನ್ನೊಮ್ಮೆ ಯಾರು ನಗ್ತಾರೆ?

ಸೊಸೆ: ನನಗೂ ಅದೇ ಅಳುಕು ಮಾವ, ಅದಕ್ಕೇ ಕೇಳಿದ್ದು. ಹಾಸ್ಟೆಲಿನಲ್ಲಿ ಎಲ್ಲರದ್ದೂ ಒಂದೇ ಲೆಕ್ಕ: ಇಷ್ಟು ರೂಪಾಯಿಗೆ ಎಷ್ಟು ಗಂಟೆ? ನೂರು ಗಂಟೆ ಆಡಿಸುವ ಗೇಮ್ ರಿಯಾಯಿತಿಯಲ್ಲಿ ಇದಕ್ಕಿಂತ ಕಡಿಮೆಗೆ ಸಿಗುವಾಗ ಇದನ್ನು ಯಾಕೆ ತೆಗೊಳ್ತೀ ಅಂತ ಕೇಳ್ತಾರೆ.

ಮಾವ: ಆ ಲೆಕ್ಕದಲ್ಲಿ ತಪ್ಪೆಂತ ಉಂಟು? ಮೊದಲು ಅದು ಎಂತ ಗೇಮ್ ಹೇಳು. ರಮ್ಮಿ ಗಿಮ್ಮಿ ಅಲ್ಲ ತಾನೆ?

ಸೊಸೆ: ಅಲ್ಲವೇ ಅಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಗೇಮುಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿತಲ್ಲ, ಆ ಸಾಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಒಮ್ಮೆ ಬೆಲೆ ಕೊಟ್ಟರೆ ಮುಗೀತು, ಒಳಗೆ ಹೋದ ಮೇಲೆ ಮತ್ತೆ ಕೈ ಚಾಚುವುದಿಲ್ಲ. ಹೆಸರು ‘ಥ್ಯಾಂಕ್ ಗುಡ್‌ನೆಸ್ ಯು ಆರ್ ಹಿಯರ್’. 2024ರ ಆಗಸ್ಟ್ 1ರಂದು ಬಂದದ್ದು. ಮಾಡಿದ್ದು ಕೋಲ್ ಸಪ್ಪರ್ ಅಂತ ಇಂಗ್ಲೆಂಡಿನ ಒಂದು ಪುಟ್ಟ ಸಂಸ್ಥೆ, ಜೇಮ್ಸ್ ಕಾರ್ಬಟ್ ಮತ್ತು ವಿಲ್ ಟಾಡ್ ಅಂತ ಇಬ್ಬರದ್ದು. ಕತೆ ಇಷ್ಟೇ: ಒಬ್ಬ ಕುಳ್ಳ ಸೇಲ್ಸ್‌ಮನ್ ಬಾರ್ನ್ಸ್‌ವರ್ತ್ ಅನ್ನುವ ಪೇಟೆಗೆ ಅಲ್ಲಿನ ಮೇಯರನ್ನು ಕಾಣ್ಲಿಕ್ಕೆ ಬರ್ತಾನೆ. ಹೊತ್ತಿಗೆ ಮೊದಲೇ ಬಂದು ಬಿಡ್ತಾನೆ. ಕಾಯುವ ಬದಲು ಪೇಟೆ ಸುತ್ತಿಕೊಂಡು ಬರುವ ಅಂತ ಹೊರಟರೆ ಸಿಕ್ಕಿದವರೆಲ್ಲ ‘ಅಬ್ಬ, ನೀನಾದ್ರೂ ಬಂದೆಯಲ್ಲ’ ಅಂತ ಅವನಿಗೆ ಒಂದೊಂದು ಕೆಲಸ ಹಚ್ತಾರೆ.

ಮಾವ: ಅವನು ಎಂತ ಮಾಡ್ತಾನೆ?

ಸೊಸೆ: ನಡೀತಾನೆ, ಹಾರ್ತಾನೆ, ಎದುರಿಗೆ ಸಿಕ್ಕಿದ್ದಕ್ಕೆ ಅಂಗೈಯಲ್ಲಿ ಒಂದು ಪೆಟ್ಟು ಕೊಡ್ತಾನೆ. ಅಷ್ಟೇ. ಮಾತೇ ಆಡುವುದಿಲ್ಲ. ಸಾಯುವುದು, ಸೋಲುವುದು, ಅಂಕ ಇದೆಲ್ಲ ಇಲ್ಲ. ಪೂರ್ತಿ ಕೈಯಲ್ಲಿ ಬಿಡಿಸಿದ ಕಾರ್ಟೂನು.

ಮಾವ: ಮೂರು ವಿದ್ಯೆ, ಮೂರು ಗಂಟೆ. ಇದಕ್ಕೆ ಅಮೆರಿಕದವರು ಎಷ್ಟು ಕೊಡ್ತಾರೆ?

ಸೊಸೆ: ಅಲ್ಲಿ ಇಟ್ಟ ಬೆಲೆ 20 ಡಾಲರಿಗೆ ಒಂದು ಸೆಂಟ್ ಕಡಿಮೆ. ನಮ್ಮಲ್ಲಿ ರೂಪಾಯಿಯಲ್ಲಿ ಬೇರೆಯೇ ಬೆಲೆ ಇಡ್ತಾರೆ, ಕಡಿಮೆ ಇರ್ತದೆ. ಆದ್ರೂ ನನ್ನ ಮಟ್ಟಿಗೆ ಅದು ಸಣ್ಣ ಮೊತ್ತ ಅಲ್ಲ.

ಮಾವ: ಸಣ್ಣ ಮೊತ್ತ ಅಲ್ಲ ಅನ್ನುವುದು ನಿನಗೆ ಗೊತ್ತುಂಟಲ್ಲ, ಅಷ್ಟು ಸಾಕು. ಹಾಗಾದ್ರೆ ನೀನೇ ಹೇಳು, ಗಂಟೆಯ ಲೆಕ್ಕ ಯಾಕೆ ತಪ್ಪು?

ಸೊಸೆ: ನೂರು ಗಂಟೆಯ ಗೇಮ್ ಹೇಗೆ ನೂರು ಗಂಟೆ ಆಗ್ತದೆ ಅಂತ ನೋಡ್ಬೇಕು ಮಾವ. ಒಬ್ಬ ಶತ್ರುವನ್ನು ಒಮ್ಮೆ ಬಿಡಿಸಿ, ಅವನ ನಡಿಗೆ, ಹೊಡೆತ, ಬೀಳುವ ರೀತಿ ಎಲ್ಲ ಒಮ್ಮೆ ತಯಾರು ಮಾಡಿದರೆ ಅವನನ್ನೇ ಐನೂರು ಸಲ ಎದುರಿಗೆ ತಂದು ನಿಲ್ಲಿಸಬಹುದು. ಆಡುವವರ ಕೈ ಪಳಗ್ತಾ ಹೋಗುವುದರಿಂದ ಐನೂರನೆಯ ಸಲವೂ ಅದರಲ್ಲಿ ಸುಖ ಇರ್ತದೆ. ಜೋಕಿಗೆ ಆ ಅನುಕೂಲ ಇಲ್ಲ. ಒಂದು ನಗುವಿಗೆ ಅಂತ ಒಬ್ಬ ಮನುಷ್ಯನನ್ನು ಬಿಡಿಸ್ಬೇಕು, ಅವನ ಅಂಗಡಿ ಬಿಡಿಸ್ಬೇಕು, ಅವನ ಸ್ವರ ಕೊಡುವವರನ್ನು ಹುಡುಕ್ಬೇಕು, ಅವನು ಬೀಳುವಾಗ ಹಲ್ಲಿನ ಸೆಟ್ ಯಾವ ಕಡೆ ಹಾರಬೇಕು ಅಂತ ನೋಡ್ಬೇಕು. ಎಲ್ಲ ಆಗಿ ಆ ನಗು ಹತ್ತು ಸೆಕೆಂಡಿನಲ್ಲಿ ಮುಗೀತದೆ. ಮತ್ತೆ ಉಪಯೋಗಕ್ಕಿಲ್ಲ. ನಗೆಯ ಗೇಮಿನ ಒಂದು ಗಂಟೆಯಲ್ಲಿ ಹೋಗುವ ಕೆಲಸ ಯುದ್ಧದ ಗೇಮಿನ ಒಂದು ಗಂಟೆಯಲ್ಲಿ ಹೋಗುವ ಕೆಲಸಕ್ಕಿಂತ ಎಷ್ಟೋ ಹೆಚ್ಚು. ಎರಡನ್ನೂ ಒಂದೇ ಗಡಿಯಾರ ಹಿಡಿದು ಅಳೆದರೆ ನಗಿಸುವವರೇ ಪ್ರತಿ ಸಲ ಸೋಲುವುದು.

ಮಾವ: ಪುನಃ ಉಪಯೋಗಕ್ಕಿಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಕ್ಷಗಾನದಲ್ಲಿ ಒಳ್ಳೆಯ ಹಾಸ್ಯಗಾರ ಒಂದೇ ಮಾತನ್ನು ಮೂರು ಸಲ ತರ್ತಾನೆ. ಮೊದಲ ಸಲ ಜನ ಸುಮ್ಮನೆ ಕೇಳ್ತಾರೆ, ಎರಡನೇ ಸಲ ಮುಗುಳ್ನಗ್ತಾರೆ, ಮೂರನೇ ಸಲ ಅವನು ಬಾಯಿ ತೆರೆಯುವ ಮೊದಲೇ ಇಡೀ ಗದ್ದೆ ನಗ್ತದೆ. ಮಿಜಾರು ಅಣ್ಣಪ್ಪನವರ ಹಾಸ್ಯ ನೋಡಿದವ ನಾನು. ಪುನಃ ತರುವುದರಲ್ಲಿಯೇ ಕಲೆ ಇರುವುದು.

ಸೊಸೆ: ಆ ವಿದ್ಯೆ ಈ ಗೇಮಿನಲ್ಲಿಯೂ ಉಂಟು ಮಾವ. ಸೇಲ್ಸ್‌ಮನ್ ಅದೇ ನಾಲ್ಕು ಬೀದಿಗಳಲ್ಲಿ ಸುತ್ತುವುದು. ಸುತ್ತು ಹಾಕಿ ಅದೇ ಜಾಗಕ್ಕೆ ಬಂದಾಗ ಅಲ್ಲಿ ಏನೋ ಒಂದು ಬದಲಾಗಿರ್ತದೆ. ಅವನು ಹೋದ ಸಲ ಕೊಟ್ಟ ಪೆಟ್ಟಿನಿಂದ ಕೆಟ್ಟದ್ದು ಈ ಸಲ ಇನ್ನಷ್ಟು ಕೆಟ್ಟಿರ್ತದೆ. ಹಾಗಾಗಿ ಪುನಃ ಬರುವುದು ನಿಜ, ಆದರೆ ಪ್ರತಿ ಸಲಕ್ಕೂ ಹೊಸದಾಗಿ ಬಿಡಿಸಿದ್ದಾರೆ.

ಮಾವ: ಅದಾದ್ರೆ ಸರಿ. ಆದರೆ ನನ್ನ ನಿಜವಾದ ಸಂಶಯ ಬೇರೆ. ಗಿಡ್ಡ ಆದದ್ದೆಲ್ಲ ಒಳ್ಳೆಯದು ಅಂತ ಈಗ ಒಂದು ಮಾತು ಹುಟ್ಟಿಕೊಂಡಿದೆ. ಧರ್ಮಸ್ಥಳ ಮೇಳ ಕಾಲಮಿತಿಗೆ ಬಂತು, 2022ರ ತಿರುಗಾಟದಲ್ಲಿ ಕಟೀಲು ಮೇಳಗಳೂ ಬಂದವು. ಮೈಕಿನ ನಿಯಮ, ಜನರ ನಿದ್ದೆ, ಮರುದಿನದ ಕೆಲಸ, ಎಲ್ಲ ಕಾರಣವೂ ನನಗೆ ಅರ್ಥ ಆಗ್ತದೆ. ಮನೆಯವರು ಮಕ್ಕಳನ್ನು ಕರೆದುಕೊಂಡು ಬರುವುದು ಹೆಚ್ಚಾದದ್ದನ್ನೂ ನಾನು ಕಂಡಿದ್ದೇನೆ. ಆದರೆ ಬೆಳಗಿನವರೆಗೆ ಆಗಬೇಕಾದ ಪ್ರಸಂಗವನ್ನು ಮಧ್ಯರಾತ್ರಿಗೆ ಮುಗಿಸ್ಲಿಕ್ಕೆ ಹೊರಟಾಗ ಮೊದಲು ಕತ್ತರಿ ಬಿದ್ದದ್ದು ಹಾಸ್ಯಕ್ಕೆ. ರಾಜನ ಒಡ್ಡೋಲಗ ಬಿಡುವ ಹಾಗಿಲ್ಲ, ಯುದ್ಧ ಬಿಡುವ ಹಾಗಿಲ್ಲ, ಬಿಡಬಹುದಾದದ್ದು ಯಾವುದು ಹೇಳು? ದೂತನ ಮಾತು, ಬ್ರಾಹ್ಮಣನ ಮಾತು, ದಾರಿಯಲ್ಲಿ ಸಿಕ್ಕಿದವನ ಮಾತು. ಹಾಸ್ಯಗಾರನಿಗೆ ಬಿಡುವು ಬೇಕು ಮಾರಾಯ್ತಿ. ಅವನು ರಂಗದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸುಮ್ಮನೆ ನಡೆಯುವ ಹೊತ್ತಿನಲ್ಲಿಯೇ ನಗು ಹುಟ್ಟುವುದು. ನೀನು ಹೇಳಿದ ಈ ಗೇಮ್ ಮೂರು ಗಂಟೆಗೆ ನಿಲ್ಲುವುದು ನಗುವಿಗೆ ಅಷ್ಟೇ ಸಾಕು ಅಂತಲೋ, ಅಥವಾ ಅವರ ಹತ್ತಿರ ದುಡ್ಡು ಅಷ್ಟೇ ಇತ್ತು ಅಂತಲೋ?

ಸೊಸೆ: ಇದು ಒಳ್ಳೆಯ ಪ್ರಶ್ನೆ. ಕೊಳ್ಳುವ ಮೊದಲು ಕೇಳ್ಬೇಕಾದ ಪ್ರಶ್ನೆ ಇದೇ ಅಂತ ನನಗೆ ಕಾಣ್ತದೆ. ಕತ್ತರಿಸಿ ಗಿಡ್ಡ ಮಾಡಿದ ಗೇಮುಗಳು ನಿಜವಾಗಿಯೂ ಇದ್ದಾವೆ. ದೊಡ್ಡದಾಗಿ ಶುರು ಮಾಡಿ, ದುಡ್ಡು ಮುಗಿದು, ಕೊನೆಯ ಭಾಗವನ್ನು ಎರಡು ಚಿತ್ರದಲ್ಲಿ ಹೇಳಿ ಮುಗಿಸಿದಂಥವು. ಆಡುವಾಗಲೇ ಗೊತ್ತಾಗ್ತದೆ: ಬಾಗಿಲು ಇರ್ತದೆ, ತೆರೆಯುವುದಿಲ್ಲ. ಮನುಷ್ಯ ನಿಂತಿರ್ತಾನೆ, ಅವನಿಗೆ ಮಾತು ಬರೆದಿರುವುದಿಲ್ಲ. ಅಂಥದ್ದಕ್ಕೆ ಹಣ ಕೊಡ್ಬೇಕು ಅಂತ ನಾನು ಹೇಳುವುದಿಲ್ಲ. ಹುಟ್ಟುವಾಗಲೇ ಅಷ್ಟೇ ಉದ್ದಕ್ಕೆ ಯೋಚಿಸಿ ಮಾಡಿದ್ದು ಬೇರೆ. ಅದರಲ್ಲಿ ಖಾಲಿ ಮೂಲೆ ಇರುವುದಿಲ್ಲ. ‘ಎ ಶಾರ್ಟ್ ಹೈಕ್’ ಅಂತ ಒಂದುಂಟು, 2019ರದ್ದು, ಮುಖ್ಯವಾಗಿ ಆ್ಯಡಮ್ ರಾಬಿನ್ಸನ್-ಯು ಅನ್ನುವ ಒಬ್ಬರೇ ಮಾಡಿದ್ದು. ಒಂದು ಹಕ್ಕಿ ಮೊಬೈಲಿಗೆ ಸಿಗ್ನಲ್ ಸಿಗಲಿ ಅಂತ ಬೆಟ್ಟದ ತುದಿಗೆ ಹತ್ತುವುದು, ಅಷ್ಟೇ ಕತೆ.

ಮಾವ: ಸಿಗ್ನಲಿಗೆ ಬೆಟ್ಟ ಹತ್ತುವುದು! ಅದು ನಮ್ಮದೇ ಕತೆಯಲ್ಲ. ಕೋವಿಡ್ ಸಮಯದಲ್ಲಿ ಈ ಘಟ್ಟದ ಬುಡದ ಊರುಗಳಲ್ಲೆಲ್ಲ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡೆಯ ಮೇಲೆ ಕೂತು ಕ್ಲಾಸು ಕೇಳಿದ್ದು. ಅದನ್ನು ಅವನು ಅಲ್ಲಿ ಕೂತು ಹೇಗೆ ಬರೆದ?

ಸೊಸೆ: ಅವನು ಬರೆದದ್ದು ಕೋವಿಡಿಗೂ ಮೊದಲು, ಕೆನಡಾದಲ್ಲಿ. ಹತ್ತುವಾಗ ದಾರಿಯಲ್ಲಿ ಸಿಗುವ ಪ್ರಾಣಿಗಳೆಲ್ಲ ಏನಾದರೊಂದು ಹರಟೆ ಹೊಡೀತಾವೆ, ಒಂದೆರಡು ಗಂಟೆಯಲ್ಲಿ ತುದಿ ಮುಟ್ಟಬಹುದು. ಸ್ವತಂತ್ರ ಗೇಮುಗಳ ಹಬ್ಬದ ಮಹಾ ಪ್ರಶಸ್ತಿ 2020ರಲ್ಲಿ ಅದಕ್ಕೇ ಸಿಕ್ಕಿತು. ನಾಲ್ಕು ವರ್ಷ ಬಿಟ್ಟು ಅದೇ ಪ್ರಶಸ್ತಿ ‘ವೆಣ್ಬಾ’ಗೆ ಸಿಕ್ಕಿತು. ಅದೂ ಒಂದೂವರೆ ಗಂಟೆಯಷ್ಟೇ. 1988ರಲ್ಲಿ ಕೆನಡಾಕ್ಕೆ ಹೋದ ಒಂದು ತಮಿಳು ಸಂಸಾರದ ಕತೆ. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದು ಹೋಗಿರ್ತದೆ, ಅಕ್ಷರ ಅಳಿಸಿರ್ತದೆ, ಹಿಟ್ಟು ಯಾವಾಗ, ತಟ್ಟೆ ಯಾವ ಕ್ರಮದಲ್ಲಿ ಅಂತ ನಾವೇ ಊಹಿಸಿ ಇಡ್ಲಿ ಬೇಯಿಸ್ಬೇಕು.

ಮಾವ: ಇಡ್ಲಿ ಬೇಯಿಸುವ ಗೇಮಿಗೆ ಪ್ರಶಸ್ತಿ ಬಂತಾ?

ಸೊಸೆ: ಬಂತು. ಮಗ ಮನೆಯ ಭಾಷೆ ಮರೀತಾ ಹೋಗುವುದನ್ನು ಅದರಲ್ಲಿ ಆಡುತ್ತಾ ಆಡುತ್ತಾ ಕಾಣ್ಬೇಕು. ಅದನ್ನು ನಲುವತ್ತು ಗಂಟೆಗೆ ಎಳೆದಿದ್ದರೆ ಆ ಅಮ್ಮ ಹೋಟೆಲು ನಡೆಸಿ ನೂರು ತಟ್ಟೆ ಇಡ್ಲಿ ಮಾರುವ ಕೆಲಸ ಆಗ್ತಿತ್ತು. ಅವಳ ದುಃಖ ಅಲ್ಲಿ ಉಳಿಯುತ್ತಿರಲಿಲ್ಲ.

ಮಾವ: ಹೂಂ. ನಿನ್ನ ಸೇಲ್ಸ್‌ಮನ್‌ಗೆ ಬಾ. ಆ ಪೇಟೆ ನಿಜವಾಗಿ ಉಂಟಾ?

ಸೊಸೆ: ಹೆಸರು ಕಟ್ಟಿದ್ದು. ಆದರೆ ಆ ಇಬ್ಬರೂ ಬಾರ್ನ್ಸ್‌ಲಿ ಅನ್ನುವ ಊರಿನವರು, ಇಂಗ್ಲೆಂಡಿನ ಉತ್ತರದ ಯಾರ್ಕ್‌ಷೈರಿನದ್ದು. ಬರೆದದ್ದು ಆ ಊರನ್ನೇ. ಕಲ್ಲಿದ್ದಲಿನ ಊರು ಅದು. 1984-85ರಲ್ಲಿ ಗಣಿ ಕೆಲಸಗಾರರು ಸುಮಾರು ಒಂದು ವರ್ಷ ಮುಷ್ಕರ ಹೂಡಿದರು, ಸೋತರು, ಆಮೇಲೆ ಗಣಿಗಳು ಒಂದೊಂದಾಗಿ ಮುಚ್ಚಿದವು. ಕಂಪೆನಿಯ ಹೆಸರಿನಲ್ಲಿಯೇ ಕಲ್ಲಿದ್ದಲು ಉಂಟು ನೋಡಿ.

ಮಾವ: ಗಣಿ ಮುಚ್ಚಿದ ಊರು. ನಾವು ಕೂತಿರುವ ಈ ಬಜಗೋಳಿ ಅಂಥ ಊರಿನ ದಾರಿಯಲ್ಲಿಯೇ ಉಂಟಲ್ಲ. ಮಾಳದ ಮೇಲೆ ಹತ್ತಿ ಹೋದರೆ ಕುದುರೆಮುಖ. 1976ರಲ್ಲಿ ಕಂಪೆನಿ ಶುರುವಾಯಿತು, ಬೆಟ್ಟದ ಮೇಲೆ ಒಂದು ಇಡೀ ಟೌನ್‌ಶಿಪ್ ಎದ್ದಿತು. ಅದಿರಿನ ಹುಡಿ ನೀರಿನೊಟ್ಟಿಗೆ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶ ಬಂದು 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಾಡಿಗೆ, ಭದ್ರೆಗೆ ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಲ್ಲಿ ಹುಟ್ಟಿ, ಶಾಲೆಗೆ ಹೋಗಿ, ಇದ್ದಕ್ಕಿದ್ದ ಹಾಗೆ ಊರು ಖಾಲಿ ಆದದ್ದನ್ನು ಕಂಡ ಮಕ್ಕಳು ಉಂಟಲ್ಲ, ಅವರ ಬಾಯಿಯಲ್ಲಿ ಎಷ್ಟು ನಗೆಯ ಕತೆ ಇದ್ದಿರಬೇಕು. ಆಂಧ್ರದವರು, ತಮಿಳರು, ಬಂಗಾಳದವರು, ನಮ್ಮವರು ಎಲ್ಲ ಒಂದೇ ಕ್ಯಾಂಟೀನಿನಲ್ಲಿ ಉಂಡವರು. ಮಳೆಗಾಲ ಪೂರ್ತಿ ಬಟ್ಟೆ ಒಣಗದ ಊರು. ಅದನ್ನೆಲ್ಲ ಯಾರು ಬರೆದಿಟ್ಟರು?

ಸೊಸೆ: ಬಾರ್ನ್ಸ್‌ಲಿಯ ಆ ಇಬ್ಬರು ತಮ್ಮ ಊರಿನದ್ದನ್ನು ಬರೆದಿಟ್ಟರು ಮಾವ. ಗಣಿ ಹೋಯಿತು ಅಂತ ಅಳುವ ಗೇಮ್ ಅಲ್ಲ ಅದು. ಗಣಿ ಹೋದ ಮೇಲೂ ಅಲ್ಲಿ ಉಳಿದವರು ಪೈ ಅಂಗಡಿಯ ಎದುರು ಹೇಗೆ ಜಗಳ ಆಡ್ತಾರೆ, ಗಾರ್ಡನಿಗೆ ನೀರು ಬಿಡುವವನು ಯಾವ ಧಾಟಿಯಲ್ಲಿ ಬಡಬಡಿಸ್ತಾನೆ, ಅದು. ಅಲ್ಲಿನ ಆಡುಮಾತನ್ನು ತೊಳೆದು ಸಾಫ್ ಮಾಡಲೇ ಇಲ್ಲ. ಪರದೆಯ ಕೆಳಗಿನ ಬರಹ ಸಾಮಾನ್ಯ ಇಂಗ್ಲಿಷಿನಲ್ಲಿ ಬೇಕೋ ಅಥವಾ ಊರಿನ ಮಾತಿನಲ್ಲಿಯೇ ಬೇಕೋ ಅಂತ ಆರಿಸಿಕೊಳ್ಳಬಹುದು. ಹೊರಗಿನವರಿಗೆ ಅರ್ಥ ಆಗ್ಲಿಕ್ಕಿಲ್ಲ ಅಂತ ಹೆದರದೆ ಮಾಡಿದ್ದಕ್ಕೇ ಅದು ಎಲ್ಲ ಕಡೆ ಹೋಯಿತು. 2025ರಲ್ಲಿ ಬಾಫ್ಟಾದವರು ಬ್ರಿಟನ್ನಿನ ಗೇಮುಗಳಿಗೆ ಕೊಡುವ ಪ್ರಶಸ್ತಿ ಅದಕ್ಕೇ ಹೋಯಿತು.

ಮಾವ: ಇಲ್ಲಿ ನಾನು ಒಂದು ಕಡೆ ಗಟ್ಟಿ ನಿಲ್ತೇನೆ. ಬಾರ್ನ್ಸ್‌ಲಿಯ ಮಾತಿಗೆ ಅಲ್ಲಿನವರು ನಗುವ ಹಾಗೆ ನಿನಗೆ ನಗ್ಲಿಕ್ಕೆ ಆಗ್ತದಾ? ನಾಲ್ಕರಲ್ಲಿ ಎರಡು ನಿನ್ನ ತಲೆಯ ಮೇಲಿಂದ ಹೋಗ್ತದೆ. ಅದೇ ಹಣದಲ್ಲಿ ಕಾರ್ಕಳದಲ್ಲಿ ಒಂದು ತುಳು ನಾಟಕ ನೋಡು, ಮಂಗಳೂರಿಗೆ ಹೋಗಿ ತುಳು ಸಿನಿಮಾ ನೋಡು, ಪ್ರತಿ ಮಾತೂ ಒಳಗೆ ಇಳಿತದೆ. ‘ಒರಿಯರ್ದೊರಿ ಅಸಲ್’ ಮೊದಲು ನಾಟಕ, ಆಮೇಲೆ 2011ರಲ್ಲಿ ಸಿನಿಮಾ. ಥಿಯೇಟರಿನಲ್ಲಿ ಜನ ಎದ್ದು ನಿಂತು ನಕ್ಕದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ನಗುವಿಗೆ ಕೊಡ್ಬೇಕಾದ ದುಡ್ಡು ಯಾರ್ಕ್‌ಷೈರಿಗೆ ಯಾಕೆ ಹೋಗ್ಬೇಕು?

ಸೊಸೆ: ಎರಡು ಬಿಟ್ಟು ಹೋಗ್ತದೆ, ನಿಜ. ಉಳಿದ ಎರಡಕ್ಕೆ ನಾನು ಪೂರ್ತಿ ನಗ್ತೇನೆ, ಯಾಕೆಂದರೆ ಬಿದ್ದದ್ದು, ಸಿಕ್ಕಿ ಹಾಕಿಕೊಂಡದ್ದು, ಕೆಲಸ ಹೇಳಿ ಕೈ ತೊಳೆದುಕೊಂಡದ್ದು ಎಲ್ಲ ಊರಿನಲ್ಲಿಯೂ ಒಂದೇ. ‘ಅನ್‌ಟೈಟಲ್ಡ್ ಗೂಸ್ ಗೇಮ್’ನಲ್ಲಿ ಮಾತೇ ಇಲ್ಲ. ಒಂದು ಬಾತುಕೋಳಿಯಂಥ ಹಕ್ಕಿ ಹಳ್ಳಿಗೆ ನುಗ್ಗಿ ತೋಟದವನ ಕೀಲಿಕೈ ಕದಿಯುತ್ತದೆ. ಮೆಲ್ಬರ್ನಿನ ನಾಲ್ಕು ಜನ ಮಾಡಿದ್ದು, 2019ರ ಸೆಪ್ಟೆಂಬರಿನಲ್ಲಿ ಬಂದು ವರ್ಷ ಮುಗಿಯುವುದರೊಳಗೆ ಹತ್ತು ಲಕ್ಷ ಪ್ರತಿ ಹೋಯಿತು. ತುಳು ನಾಟಕಕ್ಕೂ ನಾನು ಬರ್ತೇನೆ ಮಾವ, ಒಂದನ್ನು ಬಿಟ್ಟು ಇನ್ನೊಂದು ಅಂತ ಅಲ್ಲ. ನನಗೆ ಬೇಕಾದದ್ದು ಇನ್ನೊಂದುಂಟು. ಒಂದು ಪೇಟೆಯ ಮಾತನ್ನು, ಗಲ್ಲಿಯನ್ನು, ಅಲ್ಲಿನ ಜನರ ಅವಸರವನ್ನು ಗೇಮಿನ ಒಳಗೆ ಹೇಗೆ ಹಿಡಿದು ಕೂರಿಸಿದರು ಅಂತ ನನಗೆ ಬಿಡಿಸಿ ನೋಡ್ಬೇಕು.

ಮಾವ: ಓ. ಹಾಗಾದ್ರೆ ಬಜಗೋಳಿಯನ್ನು ಮಾಡುವ ಅಂದಾಜು ಉಂಟು ನಿನಗೆ.

ಸೊಸೆ: ಅಂದಾಜು ಅಂತ ಹೇಳುವಷ್ಟು ಧೈರ್ಯ ಇಲ್ಲ. ಆದರೆ ಯೋಚಿಸಿ ನೋಡಿ. ಮೂರು ದಾರಿ ಕೂಡುವ ಪೇಟೆ. ಒಂದು ಕಾರ್ಕಳಕ್ಕೆ, ಒಂದು ಮಾಳ ದಾಟಿ ಘಟ್ಟಕ್ಕೆ, ಒಂದು ನಾರಾವಿಯ ಮೇಲೆ ಧರ್ಮಸ್ಥಳಕ್ಕೆ. ಒಬ್ಬ ಸೇಲ್ಸ್‌ಮನ್ ಬೆಂಗಳೂರಿನಿಂದ ಬರ್ತಾನೆ, ಪಂಚಾಯತಿನಲ್ಲಿ ಒಬ್ಬರನ್ನು ಕಾಣ್ಬೇಕು. ಅವರು ಮೀಟಿಂಗಿನಲ್ಲಿದ್ದಾರೆ. ಅವನಿಗೆ ತುಳು ಬರುವುದಿಲ್ಲ. ಅಂಗಡಿಯವರು ತುಳುವಿನಲ್ಲಿ, ಬಸ್ಸಿನವರು ಅರ್ಧ ಕನ್ನಡದಲ್ಲಿ, ಮಾಳದಿಂದ ಇಳಿದು ಬಂದ ಚಿತ್ಪಾವನ ಅಜ್ಜ ಅವರ ಮನೆಯ ಮಾತಿನಲ್ಲಿ, ಇನ್ನೊಬ್ಬರು ಕೊಂಕಣಿಯಲ್ಲಿ, ಎಲ್ಲರೂ ಅವನಿಗೆ ಕೆಲಸ ಹಚ್ತಾರೆ. ಅವನು ತಲೆ ಆಡಿಸ್ತಾ ಹೋಗ್ತಾನೆ. ಮಳೆ ಬೇರೆ.

ಮಾವ: ಅದರಲ್ಲಿ ಬೈಗುಳವೂ ಬೇಕು. ತಾಳಮದ್ದಳೆಯ ಹಾಗೆ ಮಾತಿಗೆ ಮಾತು ಕೊಟ್ಟು ಗೆಲ್ಲುವಂಥದ್ದು.

ಸೊಸೆ: ಅಂಥದ್ದು 1990ರಲ್ಲಿಯೇ ಬಂದಾಗಿದೆ! ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’. ರಾನ್ ಗಿಲ್ಬರ್ಟ್ ಅವರದ್ದು. ಅದರಲ್ಲಿ ಕಡಲ್ಗಳ್ಳರ ಕತ್ತಿವರಸೆ ಗೆಲ್ಲುವುದು ಕತ್ತಿಯಿಂದ ಅಲ್ಲ. ಎದುರಾಳಿ ಒಂದು ಬೈದರೆ ಅದಕ್ಕೆ ತಕ್ಕ ಉತ್ತರವನ್ನೇ ಕೊಡ್ಬೇಕು, ಉತ್ತರ ಗೊತ್ತಿಲ್ಲದಿದ್ದರೆ ಸೋತು ಕಲಿತು ಇನ್ನೊಬ್ಬನ ಮೇಲೆ ಪ್ರಯೋಗಿಸ್ಬೇಕು. ನಗೆಯ ಸಾಹಸ ಗೇಮುಗಳ ದೊಡ್ಡ ಮನೆತನ ಅಲ್ಲಿಂದ ಬಂದದ್ದು.

ಮಾವ: ಅರ್ಥಧಾರಿಗಳಿಗೆ ತೋರಿಸ್ಬೇಕಾದ್ದು. ನಮ್ಮ ರಾಜ್ಯದಲ್ಲಿ ಗೇಮ್ ಮಾಡುವವರು ಇಲ್ಲವಾ ಹಾಗಾದ್ರೆ?

ಸೊಸೆ: ಮಾಡುವ ಕೈಗಳು ಬೇಕಾದಷ್ಟು. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲಿಯೇ ಧ್ರುವ ಇಂಟರ್ಯಾಕ್ಟಿವ್ ಕಟ್ಟಿದರು, ಈ ದೇಶದ ಮೊದಲ ಗೇಮ್ ಕಂಪೆನಿಗಳಲ್ಲಿ ಒಂದು. ಹೊರದೇಶದ ದೊಡ್ಡ ಗೇಮುಗಳಿಗೆ ಕಾರು, ಬೀದಿ, ಸಾಮಾನು ಬಿಡಿಸಿ ಕೊಡುವ ಕೆಲಸದಲ್ಲಿ ಅವರು ಹೆಸರು ಮಾಡಿದರು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಅಂದರೆ ಅಮೆರಿಕದ ಬೀದಿಗಳನ್ನು ಬೆಂಗಳೂರಿನಲ್ಲಿ ಕೂತು ಬಿಡಿಸಿದ್ದಾರೆ, ಕಾರ್ಕಳದ ಬೀದಿಯನ್ನು ಯಾರೂ ಬಿಡಿಸಲಿಲ್ಲ. ನಗಿಸುವ ಸಣ್ಣ ಗೇಮ್ ನಮ್ಮಲ್ಲಿಯೂ ಅಲ್ಲೊಂದು ಇಲ್ಲೊಂದು ಹುಟ್ಟುತ್ತಿದೆ. ಶಾಲಿನ್ ಶೋಧನ್ ಅವರ ಮಸಾಲಾ ಗೇಮ್ಸ್ ಮಾಡಿದ ‘ಡಿಟೆಕ್ಟಿವ್ ಡಾಟ್ಸನ್’ ಭಾರತದ ಪೇಟೆಯಲ್ಲಿಯೇ ನಡೆಯುವ ಪತ್ತೇದಾರಿ ತಮಾಷೆ. ಆದರೆ ಸಣ್ಣವರಿಗೆ ಈ ಮಾರುಕಟ್ಟೆಯ ನಿಯಮಗಳೇ ಕಷ್ಟ.

ಮಾವ: ಯಾವ ನಿಯಮ?

ಸೊಸೆ: ಕಂಪ್ಯೂಟರ್ ಗೇಮುಗಳ ದೊಡ್ಡ ಅಂಗಡಿ ಸ್ಟೀಮ್. ಮಾರಾಟದಲ್ಲಿ ನೂರಕ್ಕೆ 30 ಅಂಗಡಿಗೆ. ಒಂದು ಗೇಮಿನ ಮಾರಾಟ ಒಂದು ಕೋಟಿ ಡಾಲರ್ ದಾಟಿದರೆ ಅಲ್ಲಿಂದ ಮುಂದೆ 25, ಐದು ಕೋಟಿ ದಾಟಿದರೆ 20. 2018ರಿಂದ ಹೀಗೆ. ದೊಡ್ಡವರಿಗೆ ಕಮಿಷನ್ ಕಡಿಮೆ, ಸಣ್ಣವರಿಗೆ ಪೂರ್ತಿ.

ಮಾವ: ಇದು ನ್ಯಾಯ ಅಲ್ಲ.

ಸೊಸೆ: ಇನ್ನೊಂದು ಕೇಳಿ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಯಾವುದಿದ್ದರೂ ಹಣ ವಾಪಸ್. 2015ರಲ್ಲಿ ಬಂದ ನಿಯಮ, ಕೊಳ್ಳುವವರಿಗೆ ತುಂಬ ಒಳ್ಳೆಯದು. ಕೆಟ್ಟ ಗೇಮ್, ಓಡದ ಗೇಮ್ ತಂದು ಸಿಕ್ಕಿ ಬೀಳುವುದಿಲ್ಲ. ಆದರೆ ಇಡೀ ಗೇಮೇ ಎರಡು ಗಂಟೆಯೊಳಗೆ ಮುಗಿಯುವುದಾದರೆ? ಪೂರ್ತಿ ಆಡಿ, ಚೆನ್ನಾಗಿದೆ ಅಂತ ಬರೆದು, ಹಣವನ್ನೂ ವಾಪಸ್ ತೆಗೊಳ್ಳುವವರು ಇದ್ದಾರೆ. 2021ರಲ್ಲಿ ಎಮಿಕಾ ಗೇಮ್ಸ್ ಅನ್ನುವ ಹೆಸರಿನಲ್ಲಿ ‘ಸಮ್ಮರ್ ಆಫ್ 58’ ಮಾಡಿದವರು ಇದೇ ಕಾರಣ ಹೇಳಿ ಗೇಮ್ ಮಾಡುವುದನ್ನೇ ಬಿಡ್ತೇನೆ ಅಂದರು. ಆಡಿದವರು ಮೆಚ್ಚಿದ್ದರು, ಆದರೆ ವಾಪಸಾದ ಪ್ರತಿಗಳು ಎಷ್ಟೆಂದರೆ ಮುಂದಿನದ್ದಕ್ಕೆ ಕೈಯಲ್ಲಿ ಏನೂ ಉಳಿಯಲಿಲ್ಲ.

ಮಾವ: ಇದನ್ನು ಕೇಳಿ ನನಗೆ ಸಿಟ್ಟು ಬರ್ತದೆ. ಕೂತು ಪೂರ್ತಿ ನೋಡಿ, ಮಂಗಳ ಹಾಡುವಾಗ ಎದ್ದು ಹೋಗಿ ಟಿಕೆಟಿನ ಹಣ ವಾಪಸ್ ಕೇಳುವುದಾ? ಡೇರೆ ಮೇಳದ ಕಾಲದಲ್ಲಿ ಯಾರೂ ಹಾಗೆ ಮಾಡಿದ್ದು ಕೇಳಿಲ್ಲ. ಟಿಕೆಟ್ ಇಲ್ಲದೆ ನುಸುಳಿದವರಿದ್ದರು, ಅದು ಬೇರೆ.

ಸೊಸೆ: ಗಂಟೆಯ ಲೆಕ್ಕ ಹಾಕ್ತಾ ಹಾಕ್ತಾ ಆಗುವುದು ಅದೇ ಮಾವ. ಗಿಡ್ಡ ಮಾಡಿದರೆ ಜನ ಕೊಳ್ಳುವುದಿಲ್ಲ, ಕೊಂಡವರು ವಾಪಸ್ ಕೊಡ್ತಾರೆ ಅಂತ ಹೆದರಿ ಮಾಡುವವರೇ ಎಳೀಲಿಕ್ಕೆ ಶುರು ಮಾಡ್ತಾರೆ. ಸುಮ್ಮನೆ ಹತ್ತು ಸಾಮಾನು ಹುಡುಕಿ ತಾ, ಅಲ್ಲಿಂದ ಇಲ್ಲಿಗೆ ಓಡು, ಪುನಃ ಓಡು ಅಂತ. ಎರಡು ಗಂಟೆಯ ಗೆರೆ ದಾಟಲಿ ಅಂತ ಮಾತ್ರ. ನಗು ಅಲ್ಲಿಯೇ ಸತ್ತು ಹೋಗ್ತದೆ.

ಮಾವ: ಆಯ್ತು, ಗಂಟೆಯ ಲೆಕ್ಕವನ್ನು ನಾನು ಬಿಟ್ಟೆ. ಆದರೆ ಎರಡು ಮಾತು ಕೇಳ್ಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅವರಿಗೆ ತೋರಿಸುವಂಥದ್ದಾ?

ಸೊಸೆ: ಅಲ್ಲ. ಕಾರ್ಟೂನಿನ ಹಾಗೆ ಕಂಡರೂ ದ್ವಂದ್ವಾರ್ಥ ತುಂಬ ಉಂಟು. ಮಕ್ಕಳ ಎದುರು ಹಾಕುವ ಹಾಗಿಲ್ಲ. ಅವರಿಗೆ ಆ ಹಕ್ಕಿ ಬೆಟ್ಟ ಹತ್ತುವುದನ್ನು ತಂದುಕೊಡುವ, ಅದರ ಬೆಲೆಯೂ ಇದರ ಅರ್ಧಕ್ಕಿಂತ ಕಡಿಮೆ.

ಮಾವ: ಎರಡನೆಯದು, ರಿಯಾಯಿತಿಗೆ ಯಾಕೆ ಕಾಯುವುದಿಲ್ಲ?

ಸೊಸೆ: ಕೈಯಲ್ಲಿ ಇಲ್ಲದವರು ಕಾಯಲಿ, ಅದರಲ್ಲಿ ನಾಚಿಕೆ ಎಂತದ್ದೂ ಇಲ್ಲ. ನಾನೂ ಎಷ್ಟೋ ಗೇಮಿಗೆ ಕಾದವಳೇ. ಈ ಸಲ ಕೈಯಲ್ಲಿ ಉಂಟು. ಊರಿನ ಮಾತನ್ನು ಹೀಗೆ ಹಿಡಿದವರಿಗೆ ಅವರು ಕೇಳಿದ ಬೆಲೆಯನ್ನೇ ಕೊಡ್ಬೇಕು ಅಂತ ನನ್ನ ಆಸೆ.

ಮಾವ: ಮುಗಿಸಿದ ಮೇಲೆ ವಾಪಸ್ ಕೇಳುವುದಿಲ್ಲ ಅಂತಾದರೆ ಇವತ್ತೇ ತೆಗೊ.

ಸೊಸೆ: ಮುಗಿಸಿ ಕೇಳುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಒಮ್ಮೆಯೂ ನಗು ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ ವಾಪಸ್ ಕೊಡ್ತೇನೆ. ನಿಯಮ ಇರುವುದು ಅದಕ್ಕೇ.

ಮಾವ: ಅದು ಸರಿಯಾದ ಮಾತು. ಮಕ್ಕಳು ಮಲಗಿದ ಮೇಲೆ ಹಾಕು, ನಾನೂ ಕೂತ್ಕೊಳ್ತೇನೆ. ಅವರ ಇಂಗ್ಲಿಷ್ ನನಗೆ ತಿಳಿಯದ ಕಡೆಯಲ್ಲಿ ನಿಲ್ಲಿಸಿ ಹೇಳು.

ಸೊಸೆ: ನಿಲ್ಲಿಸಿ ಹೇಳಿದರೆ ನಗು ಹೋಯಿತು ಮಾವ. ತಿಳಿಯದ್ದನ್ನು ಬಿಟ್ಟು ಮುಂದೆ ಹೋಗುವ.